ಕೆಂಪೆಣ್ಣೆ ಮಿಸ್ತ್ರಿ

ಮಿಸ್ತ್ರಿ ತೀರಿಕೊಂಡ ಸುದ್ದಿಯನ್ನು ನನ್ನ ತಮ್ಮ ಮಲ್ಲು ಫೋನಿನಲ್ಲಿ ಹೇಳಿದಾಗ ನಾನು ಚಪಾತಿಗೆ ಹಿಟ್ಟು ನಾದುತ್ತಿದ್ದೆ. "ಅಕ್ಕಾ, ಮಿಸ್ತ್ರಿ ಹೋದ್ರಂತ" ಅಂದ. ಅಯ್ಯೋ ಪಾಪ ಅನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಫೋನಿಟ್ಟು ಬಚ್ಚಲಿಗೆ ಹೋಗಿ ಮೊಣಕೈತನಕ ಸಾಬೂನು ಹಚ್ಚಿ ಕೈ ತೊಳೆದೆ. ಹಿಟ್ಟು ಹೋಗಿ ಕೈ ಬೆಳ್ಳಗಾದ ಮೇಲೂ ಇನ್ನೊಮ್ಮೆ ತೊಳೆದೆ. ಆ ಮನುಷ್ಯನ ನೆನಪಾದಾಗಲೆಲ್ಲ ನನಗೆ ಹೀಗೇ ಆಗುತ್ತದೆ.

ತೀರಿಕೊಂಡವರ ಬಗ್ಗೆ ಬರೆಯುವವರು ಕಣ್ಣೊರೆಸಿಕೊಂಡು ಬರೆಯುತ್ತಾರೆ. ನನಗೆ ಅದು ಬರುವುದಿಲ್ಲ. ವಯಸ್ಸಿನಲ್ಲಿ ನನಗಿಂತ ಎಷ್ಟೋ ಹಿರಿಯ, ಬಹುವಚನ ಕೊಡಬೇಕಾದದ್ದೇ. ಎದುರಿಗೆ ಕೊಟ್ಟೂ ಇದ್ದೆ. ಕಾಗದದ ಮೇಲೆ ಮಾತ್ರ ಆತ ನನಗೆ ಆತನೇ. ಹೆಸರು ಬರೆಯಲೂ ಮನಸ್ಸಿಲ್ಲ. ಪುಣೆಯ ಹೊರಗಿನ ದೇಹೂ ರೋಡಿನಿಂದ ಲೋಣಾವಳಾದ ಘಾಟಿನತನಕ ಎಲ್ಲರೂ ಮಿಸ್ತ್ರಿ ಅಂತಲೇ ಕರೆಯುತ್ತಿದ್ದರು, ಅಷ್ಟು ಸಾಕು.

ದೇಹೂ ರೋಡ್ ದಾಟಿ ಸ್ವಲ್ಪ ಮುಂದೆ, ಹೆದ್ದಾರಿ ಬಿಟ್ಟು ಏರಿಗೆ ಹತ್ತುವ ಕಚ್ಚಾ ರಸ್ತೆಯ ಪಕ್ಕದಲ್ಲಿ, ಗಾಡಿ ರಿಪೇರಿ ಮಾಡುವ ಆತನ ತಗಡಿನ ಶೆಡ್ಡು. ಹತ್ತಿರ ಹೋಗುವ ಮೊದಲೇ ಸುಟ್ಟ ಎಣ್ಣೆ, ಗುಟ್ಕಾ ಮತ್ತು ಬೆವರಿನ ವಾಸನೆ ಬಂದು ಮೂಗಿಗೆ ಬಡಿಯುತ್ತಿತ್ತು. ಆತ ಹಾಕಿದ ಬನಿಯನ್ನು ಯಾವ ಕಾಲದಲ್ಲಿ ಬಿಳಿಯಿತ್ತೋ ದೇವರೇ ಬಲ್ಲ. ಕಿರುಬೆರಳಿನ ಉಗುರು ಉದ್ದಕ್ಕೆ ಬಿಟ್ಟಿದ್ದ, ಅದರೊಳಗೆ ಕರ್ರಗಿನ ಗ್ರೀಸು. ಅದರಿಂದಲೇ ಕಿವಿ ಕೆರೆದುಕೊಳ್ಳುತ್ತಿದ್ದ, ಅದರಿಂದಲೇ ಗುಟ್ಕಾದ ಚೀಟಿ ಹರಿಯುತ್ತಿದ್ದ. ಒಂದು ಚಿಂದಿ ಅರಿವೆಯಿತ್ತು. ಎಂಜಿನ್ನು ಒರೆಸಿ ಅದರಲ್ಲೇ ಮುಖ ಒರೆಸಿಕೊಂಡು, ಚಹಾದ ಗ್ಲಾಸನ್ನೂ ಅದರಲ್ಲೇ ಒರೆಸಿ ನಮಗೆ ಕೊಡುತ್ತಿದ್ದ. ಆ ಗ್ಲಾಸಿನ ಅಂಚಿಗೆ ಎಣ್ಣೆಯ ಬಣ್ಣಬಣ್ಣದ ಉಂಗುರ. ನಾನು ಎಷ್ಟೋ ಸಲ ಆ ಚಹಾವನ್ನು ಟೈರಿನ ಹಿಂದೆ ಚೆಲ್ಲಿದ್ದೇನೆ.

ಕಲಬುರ್ಗಿ ಕಡೆಯವ. ತಂದೆತಾಯಿ ಕಟ್ಟಡದ ಕೆಲಸಕ್ಕೆ ಅಂತ ಪುಣೆಗೆ ಬಂದವರು. ಆತ ಹರೆಯದಲ್ಲಿ ಮಿಲಿಟರಿ ಟ್ರಕ್ಕುಗಳನ್ನು ತೊಳೆಯುವ ಗುತ್ತಿಗೆದಾರನ ಕೈಕೆಳಗಿದ್ದು, ಅಲ್ಲಿಯೇ ಗೇರ್‌ಬಾಕ್ಸಿನ ಕೆಲಸ ಕಲಿತನಂತೆ. ಗೇರ್‌ಬಾಕ್ಸು ಬಿಟ್ಟು ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಎಂಜಿನ್ನಿನ ಕೆಲಸ ಕೇಳಿಕೊಂಡು ಯಾರಾದರೂ ಬಂದರೆ, "ಅದು ಕಂಪೌಂಡರನ ಕೆಲಸರಿ, ನಾ ಡಾಕ್ಟರ ಇದ್ದೀನಿ" ಅಂತ ಅಟ್ಟುತ್ತಿದ್ದ. ವಿನಯ ಅನ್ನುವುದು ಆತನ ಹತ್ತಿರ ಸುಳಿದಿರಲಿಲ್ಲ.

ಆತನ ಪರೀಕ್ಷೆಯ ರೀತಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಗಾಡಿಯ ಕೆಳಗೆ ನುಸುಳಿ ಗೇರ್‌ಬಾಕ್ಸಿನ ಬಿರಡೆ ತೆಗೆದು ಒಳಗಿನ ಎಣ್ಣೆಗೆ ಬೆರಳು ಅದ್ದಿ ಮೊದಲು ಮೂಸುತ್ತಿದ್ದ. ಆಮೇಲೆ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ಸಾರಿಗೆ ಉಪ್ಪು ಸಾಕೇ ಅಂತ ನೋಡುವವರ ಹಾಗೆ ಕಣ್ಣು ಮುಚ್ಚಿ ಚಪ್ಪರಿಸಿ, "ಕಹಿ ಆಗ್ಯದ. ಒಳಗ ಪ್ಲೇಟ ಸುಟ್ಟಾವು" ಅಂತ ಹೇಳಿ ಪಕ್ಕಕ್ಕೆ ಪಿಚಕ್ಕನೆ ಉಗುಳುತ್ತಿದ್ದ. ಜೊತೆಗೆ ಒಂದು ಮಾತು ಯಾವಾಗಲೂ ಇದ್ದದ್ದೇ: "ಗಾಡಿ ಸುಳ್ಳ ಹೇಳಂಗಿಲ್ರಿ. ಸುಳ್ಳ ಹೇಳಾವ್ರು ಮಂದಿ."

ಮಂದಿಯಲ್ಲಿ ತಾನೂ ಒಬ್ಬ ಅನ್ನುವುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ಒಂದು ಡಾಲ್ಡಾ ಡಬ್ಬಿಯೊಳಗೆ ಒಡೆದ ಬೇರಿಂಗು ಒಂದಿತ್ತು, ಅದರ ಅಂಚಿಗೆ ಹಸಿರು ಬಣ್ಣದ ಕಲೆ. ಒಮ್ಮೆ ಒಬ್ಬ ಸರದಾರ್ಜಿಯ ಲಾರಿಯ ಕೆಳಗಿನಿಂದ ಎದ್ದು ಬಂದು, "ಇದ ನೋಡ್ರಿ, ನಿಮ್ಮ ಗಾಡ್ಯಾಗ ಸಿಕ್ಕದ್ದು" ಅಂತ ತೋರಿಸಿದ. ಮುಂದಿನ ಸಲ ನಾನು ಹೋದಾಗ ಮತ್ತೊಬ್ಬನ ಜೀಪಿನಿಂದ ಅದೇ ಬೇರಿಂಗು ಹೊರಗೆ ಬಂತು, ಅದೇ ಹಸಿರು ಕಲೆಯೊಡನೆ. ನಾನು ದಿಟ್ಟಿಸಿ ನೋಡಿದ್ದನ್ನು ಕಂಡು ಆತ ನನ್ನ ಕಡೆಗೆ ಕಣ್ಣು ಮಿಟುಕಿಸಿದ. ಆ ಕಣ್ಣು ಮಿಟುಕಿಸಿದ್ದು ಸುಳ್ಳಿಗಿಂತ ಹೊಲಸು ಅನ್ನಿಸಿತು ನನಗೆ.

ಇಷ್ಟು ಗೊತ್ತಿದ್ದೂ ಅಲ್ಲಿಗೆ ಯಾಕೆ ಹೋಗುತ್ತಿದ್ದೆ ಅಂತ ಕೇಳುವಿರಿ. ತಮ್ಮನ ಸಲುವಾಗಿ.

ನಮ್ಮಪ್ಪ ವಿಜಾಪುರದಿಂದ ಬಂದು ಪುಣೆಯ ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು, ತಮ್ಮ ಮಲ್ಲು. ನಾನು ಕನ್ನಡ ಶಾಲೆಯಲ್ಲಿ ಟೀಚರು. ಮಲ್ಲು ಓದನ್ನು ಅರ್ಧಕ್ಕೆ ಬಿಟ್ಟು ಒಂದು ಹಳೆಯ ಪಿಕಪ್ ಗಾಡಿ ಕೊಂಡಿದ್ದ. ಮುಂದಿನ ಎರಡು, ಹಿಂದಿನ ಎರಡು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಗಾಡಿ ಅದು. ಡ್ರೈವರುಗಳು ಫೋರ್ ಬೈ ಫೋರ್ ಅನ್ನುತ್ತಾರೆ. ಲೋಣಾವಳಾದ ಸುತ್ತ ಗುಡ್ಡಗಳ ಮೇಲೆ ಹೊಸ ಹೋಟೆಲು, ಬಂಗಲೆಗಳು ಏಳುತ್ತಿದ್ದ ಕಾಲ. ಮಳೆಗಾಲದಲ್ಲಿ ಆ ಕೆಸರಿನ ಏರು ಹತ್ತಲು ಟೆಂಪೋದವರು ಒಲ್ಲೆ ಅನ್ನುತ್ತಿದ್ದರು. ಮಲ್ಲು ಹಾಲಿನ ಕ್ಯಾನು, ಕಾಯಿಪಲ್ಲೆ, ಗ್ಯಾಸಿನ ಸಿಲಿಂಡರು ಹೇರಿಕೊಂಡು ಶೀಟಿ ಹೊಡೆಯುತ್ತ ಹತ್ತುತ್ತಿದ್ದ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಘಾಟಿನಲ್ಲಿ ರಸ್ತೆಯ ಬದಿಗೆ ಕೂತು ಟೈರು ಬಿಚ್ಚುತ್ತಿದ್ದಾಗ ಒಂದು ಲಾರಿ ಅವನ ಎಡಗಾಲಿನ ಮೇಲೆ ಹಾದುಹೋಯಿತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಕೃತಕ ಕಾಲು ಹಾಕಿಸಿದೆವು. ಕೋಲು ಹಿಡಿದು ನಡೆಯಲು ಬಂತು, ಆದರೆ ಆ ಗಾಡಿಯ ಗಟ್ಟಿ ಕ್ಲಚ್ಚು ಒತ್ತಲು ಬರಲಿಲ್ಲ. ಪರಿಚಯದವರು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಕೊಡಿಸಿದರು, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದು. ಒಂದು ವಾರಕ್ಕೇ ಬಿಟ್ಟು ಬಂದ. "ಕುಂತಲ್ಲೇ ಕುಂತ ಚೀಟಿ ಹಚ್ಚಾಕ ನನ್ನ ಕೈಲೆ ಆಗಂಗಿಲ್ಲಕ್ಕಾ" ಅಂದ. ಆಮೇಲೆ ಗೋಡೆಗೆ ಮುಖ ಮಾಡಿ ಮಲಗುವುದು ಶುರುವಾಯಿತು. ಒಂದು ದಿನ ನಾನು ಶಾಲೆಯಿಂದ ಬಂದಾಗ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ಗಾಡಿಯೊಳಗೆ ಅವನು ಕೂತಿದ್ದ. ಎಂಜಿನ್ನು ಬಂದಾಗಿತ್ತು. ಸ್ಟೇರಿಂಗು ಹಿಡಿದು, ಬಲಗಾಲಿನಿಂದ ಆಕ್ಸಲರೇಟರನ್ನು ಒತ್ತುತ್ತಿದ್ದ, ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ನಾನು ನೋಡದ ಹಾಗೆ ಒಳಗೆ ಹೋದೆ. ಇವನು ಗಾಡಿ ಹೊಡೆಯದಿದ್ದರೆ ನನಗೆ ಉಳಿಯುವುದಿಲ್ಲ ಅನ್ನುವುದು ಅವತ್ತು ಖಾತ್ರಿಯಾಯಿತು.

ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸು ಹಾಕಿಸಿದರೆ ಒಂದೇ ಕಾಲಿನಲ್ಲಿ ಹೊಡೆಯಬಹುದು ಅಂತ ಯಾರೋ ಹೇಳಿದರು. ಪುಣೆಯಲ್ಲಿ ಆಗ ಅಂಥ ಗಾಡಿ ಕಾಣುತ್ತಿದ್ದದ್ದೇ ಅಪರೂಪ. ಕೇಳಿದ ಗ್ಯಾರೇಜಿನವರೆಲ್ಲ ನಕ್ಕರು. ಫೋರ್ ಬೈ ಫೋರಿಗೆ ಅದನ್ನು ಕೂಡಿಸಲು ತಲೆ ಕೆಟ್ಟಿರಬೇಕು ಅಂದರು. ಕೊನೆಗೆ ಒಬ್ಬ ಟೆಂಪೋದವನು ಮಿಸ್ತ್ರಿಯ ಹೆಸರು ಹೇಳಿದ.

ನಾವು ಹೋದಾಗ ಆತ ಒಂದು ಕರ್ರಗಿನ ಲೋಹದ ಗುಡ್ಡೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಎಲ್ಲ ಕೇಳಿಸಿಕೊಂಡು, ಸಿಪ್ಪೆಯನ್ನು ಹಿಂದಕ್ಕೆ ಎಸೆದು, ಕುಂಡೆಯ ಕೆಳಗಿನ ಗುಡ್ಡೆಯನ್ನು ತಟ್ಟಿದ. "ಇದ ಏನು ಅಂತ ತಿಳದೀರಿ? ಆಟೋಮ್ಯಾಟಿಕ್ ಅದ. ಮುಂಬೈದಾಗ ಒಬ್ಬ ಪರದೇಶಿ ಸಾಹೇಬನ ಗಾಡಿದು, ಗುಜರಿಯಾಗ ಹಿಡದೀನಿ. ಭಾಳ ವರ್ಷದಿಂದ ಇದರ ಮ್ಯಾಲೇ ಕುಂದರತೀನಿ." ಅದು ಮಲ್ಲೂನ ಗಾಡಿಗಿಂತ ಎಷ್ಟೋ ಹಳೆಯದು. ಮೇಲೆಲ್ಲ ಗುಟ್ಕಾದ ಕಲೆ, ಒಂದು ಮಗ್ಗುಲಲ್ಲಿ ಒಣಗಿದ ಅನ್ನದ ಅಗುಳು. ಆ ಸಿಂಹಾಸನವೇ ನನ್ನ ತಮ್ಮನ ಕಾಲಾಗಬೇಕಿತ್ತು.

ಆಮೇಲೆ ಆತ ಮಲ್ಲೂನನ್ನು ಅಳೆದ. ಟೇಪು ಹಿಡಿದಲ್ಲ. ಆ ಎಣ್ಣೆಗೈಯಿಂದ ಸೊಂಟದಿಂದ ಬಲಗಾಲಿನ ಹಿಮ್ಮಡಿಯತನಕ ಗೇಣು ಹಾಕಿ ಅಳೆದ. ಬಿಳಿ ಪೈಜಾಮದ ಮೇಲೆ ಸಾಲಾಗಿ ಕರಿ ಹಸ್ತಗಳು ಮೂಡಿದವು. ಎಡಗಾಲಿನ ಕಡೆ ನೋಡಿ, "ಏ ಕುಂಟಾ, ಈ ಕಾಲಿನ ಕೆಲಸ ಮುಗೀತು. ಇನ್ನ ಎಲ್ಲಾ ಇದರದು" ಅಂತ ಬಲತೊಡೆಗೆ ಫಟ್ಟನೆ ಹೊಡೆದ. ನನ್ನ ಮೈ ಉರಿದುಹೋಯಿತು. ಮಲ್ಲು ನಕ್ಕುಬಿಟ್ಟ. ಕಾಲು ಹೋದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಬಸ್ಸಿನಲ್ಲಿ ಬರುವಾಗ, ಕುಂಟ ಅಂದದ್ದು ನಿನಗೆ ಸಿಟ್ಟು ಬರಲಿಲ್ಲವೇ ಅಂತ ಕೇಳಿದೆ. "ಎಲ್ಲಾರೂ ನನ್ನ ಕಾಲ ಕಡೆ ನೋಡದಂಗ ಮಾಡ್ತಾರಕ್ಕಾ. ಇಂವ ನೋಡ್ತಾನ" ಅಂದ. ಈ ಒಂದು ಮಾತಿಗಾಗಿ ನಾನು ಮಿಸ್ತ್ರಿಯನ್ನು ಎಷ್ಟೋ ದಿನ ಸಹಿಸಿಕೊಂಡೆ.

ಕೆಲಸ ಸುಲಭದ್ದಾಗಿರಲಿಲ್ಲ, ಅದನ್ನು ಒಪ್ಪುತ್ತೇನೆ. ಫೋರ್ ಬೈ ಫೋರಿನಲ್ಲಿ ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಡಬ್ಬಿ ಇರುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಬಲ ಹಂಚುವುದು ಅದು. ಸಾಹೇಬನ ಹಳೆಯ ಆಟೋಮ್ಯಾಟಿಕ್ಕಿಗೆ ಮುಂದಿನ ಎಂಜಿನ್ನಿನ ಗುರುತಿಲ್ಲ, ಹಿಂದಿನ ಡಬ್ಬಿಯ ಗುರುತೂ ಇಲ್ಲ. ಮಿಸ್ತ್ರಿ ಭೋಸರಿಯ ಲೇತಿನವನ ಹತ್ತಿರ ದಪ್ಪ ಉಕ್ಕಿನ ಎರಡು ತಟ್ಟೆ ಮಾಡಿಸಿ ಎರಡೂ ಕಡೆ ಬೆಸೆದ. ಕೂಡಿಸಿ ನೋಡಿದರೆ ಒಟ್ಟು ಉದ್ದ ನಾಲ್ಕು ಬೆರಳು ಜಾಸ್ತಿ. ಹಿಂದಿನ ಚಕ್ರಕ್ಕೆ ಹೋಗುವ ದಂಡವನ್ನು ಕತ್ತರಿಸಿದ, ಮುಂದಿನದಕ್ಕೆ ತುಂಡು ಸೇರಿಸಿದ. ಲೇತಿನವನಿಗೆ ಅವನ ತಾಯಿಯಿಂದ ಹಿಡಿದು ಅಜ್ಜಿಯತನಕ ಬೈದ. ಹೊಸದಾಗಿ ಬಣ್ಣ ಹಚ್ಚಿಸಿದ್ದ ನಮ್ಮ ಗಾಡಿಯ ಬಾಗಿಲಿಗೆ ಕೈಯೊರೆಸಿದ. ಮಲ್ಲು ಬೆಳಿಗ್ಗೆ ಹೋದರೆ ಸಂಜೆಯೇ ಬರುತ್ತಿದ್ದ. ಕೂತಲ್ಲಿಂದಲೇ ನಟ್ಟು ಬೋಲ್ಟು ತೊಳೆದು ಕೊಡುತ್ತಿದ್ದ. ಆತ ಅದೇ ಕೈಯಿಂದ ರೊಟ್ಟಿ ಮುರಿದು ಶೇಂಗಾ ಚಟ್ನಿ ಸವರಿ ಇವನ ಬಾಯಿಗೆ ತುರುಕುತ್ತಿದ್ದನಂತೆ. ಮನೆಗೆ ಬಂದವನ ತುಟಿಗೆ ಗ್ರೀಸು. ನಾನು ಬಿಸಿನೀರು ಕಾಯಿಸಿ ಕೊಡುತ್ತಿದ್ದೆ.

ಆಟೋಮ್ಯಾಟಿಕ್ಕಿನ ಎಣ್ಣೆ ಕೆಂಪು. ಮಿಸ್ತ್ರಿಯ ಉಗುಳೂ ಕೆಂಪು. ಗಾಡಿ ಮೊದಲ ಸಲ ಚಾಲೂ ಆದ ದಿನ ಕೆಳಗೆ ನೆಲದ ಮೇಲೆ ಕೆಂಪು ಕಲೆ ಕಂಡು ನಾನು, "ಮಿಸ್ತ್ರಿ, ಇದು ಸೋರಾಕ ಹತ್ತೇದಲ್ರಿ?" ಅಂದೆ. ಆತ ಬಗ್ಗಿ ನೋಡಿ, ಬೆರಳಿನಿಂದ ಒಂದಿಷ್ಟು ಮುಟ್ಟಿ, "ಇಲ್ರಿ ಅಕ್ಕಾರ, ಇದು ನಂದು" ಅಂದ. ಸುತ್ತ ನಿಂತ ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಯಾವುದು ಗಾಡಿಯದು ಯಾವುದು ತನ್ನದು ಅಂತ ಕೊನೆಗೂ ಯಾರಿಗೂ ಗೊತ್ತಾಗದ ಹಾಗೆ ಆತ ಎಲ್ಲ ಕಡೆಗೂ ಉಗುಳಿಟ್ಟಿದ್ದ.

ಗಾಡಿ ತಯಾರಾಯಿತು ಅಂತ ಆತ ಊರೆಲ್ಲ ಸಾರಿದ. ಘಾಟಿನ ಡ್ರೈವರುಗಳು, ಮಿಲಿಟರಿ ಕ್ಯಾಂಟೀನಿನವರು, ಪಕ್ಕದ ಪಂಕ್ಚರಿನವ, ಎಲ್ಲರೂ ಬಂದು ನೆರೆದರು. ಕಾಯಿ ಒಡೆದ. ಚೆಂಡುಹೂವಿನ ಮಾಲೆಯನ್ನು ಗಾಡಿಗೆ ಒಂದು ಹಾಕಿದ, ತನ್ನ ಕೊರಳಿಗೂ ಒಂದು ಹಾಕಿಕೊಂಡ. ಆಮೇಲೆ ನನ್ನನ್ನು ಕರೆದು ಒಳಗೆ ತೋರಿಸಿದ. "ನೋಡ್ರಿ ಅಕ್ಕಾರ, ಎರಡ ಪೆಡಲ್ಲು. ಸಣ್ಣದು ನಡಿಯಾಕ, ದೊಡ್ಡದು ನಿಂದ್ರಾಕ. ಇಷ್ಟ. ನೀವೂ ಹೊಡೀಬಹುದು." ಆಮೇಲೆ ಗೇರಿನ ಹಿಡಿಕೆ. ಅದು ಸರಿಯುವ ಪಟ್ಟಿಯ ತುದಿಯಲ್ಲಿ ಪಿ ಅನ್ನುವ ಅಕ್ಷರ, ಪಾರ್ಕಿಂಗಿನ ಪಿ. "ನಿಂದ್ರಿಸಿ ಇದಕ್ಕ ಹಾಕಿದ್ರ ಮುಗೀತು. ಒಳಗ ಒಂದ ಹಲ್ಲ ಅದ, ಕಚ್ಚಿ ಹಿಡೀತದ. ಗುಡ್ಡದ ಮ್ಯಾಲೂ ಅಲಗಾಡಂಗಿಲ್ಲ."

ಇದು ಮುಖ್ಯದ ಮಾತು. ಹಳೆಯ ಗೇರ್‌ಬಾಕ್ಸಿನ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಡ್ರೈವರುಗಳು ಎಂಜಿನ್ನು ಬಂದ್ ಮಾಡಿ ಒಂದನೇ ಗೇರಿಗೆ ಹಾಕಿ ಇಳಿಯುತ್ತಾರೆ. ಎಂಜಿನ್ನೇ ಚಕ್ರವನ್ನು ಹಿಡಿದುಕೊಂಡಿರುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಆ ಹಿಡಿತ ಇಲ್ಲ. ಎಂಜಿನ್ನು ನಿಂತರೆ ಗಾಡಿ ಸಡಿಲ. ಅದಕ್ಕಾಗಿಯೇ ಆ ಪಿ, ಆ ಹಲ್ಲು. ನಾವು ಹೊರಡುವಾಗ ಮಿಸ್ತ್ರಿ ಕಿಟಕಿಯೊಳಗೆ ತಲೆ ತೂರಿಸಿ, "ಹ್ಯಾಂಡ್‌ಬ್ರೇಕ್ ಜಗ್ಗು, ಕಲ್ಲ ಇಡೂದ ಮರೀಬ್ಯಾಡ" ಅಂದ. ಘಾಟಿನಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಕ್ಲೀನರು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಮಲ್ಲೂನ ಗಾಡಿಗೆ ಕ್ಲೀನರು ಇರಲಿಲ್ಲ.

ಮೊದಲ ಭಾನುವಾರ ಮಲ್ಲು ನನ್ನನ್ನೂ ಕೂರಿಸಿಕೊಂಡು ಲೋಣಾವಳಾಕ್ಕೆ ಹೊರಟ. ಮಳೆ ಸಣ್ಣಗೆ ಹನಿಯುತ್ತಿತ್ತು. ಕಾಮಶೇತ್ ದಾಟಿದ ಮೇಲೆ ಅವನು ಶೀಟಿ ಹೊಡೆಯತೊಡಗಿದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಗುಡ್ಡದ ಮೇಲಿನ ಒಂದು ಹೋಟೆಲಿಗೆ ಹಾಲು, ಕಾಯಿಪಲ್ಲೆ ಕೊಡಬೇಕಿತ್ತು. ಹೋಟೆಲಿನ ಹಿಂಬಾಗಿಲು ಕಡಿದಾದ ಏರಿನಲ್ಲಿ. ಅಲ್ಲಿ ಗಾಡಿ ನಿಲ್ಲಿಸಿ ಪಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಜಗ್ಗಿ, ಎಂಜಿನ್ನು ಬಂದ್ ಮಾಡಿ ಕೋಲು ಹಿಡಿದು ಇಳಿದ. ಹಿಂದಕ್ಕೆ ಹೋಗಿ ಹಲಗೆ ಕೆಳಗಿಳಿಸಿ ಕ್ಯಾನು ಎಳೆದ ಸದ್ದು ಕೇಳಿತು.

ಆಗ ಎದುರಿನ ಗೋಡೆ ನನ್ನಿಂದ ದೂರ ಸರಿಯಿತು. ಗೋಡೆ ಹೇಗೆ ಸರಿಯುತ್ತದೆ ಅಂತ ಒಂದು ಗಳಿಗೆ ತಿಳಿಯಲಿಲ್ಲ. ಗೇರಿನ ಹಿಡಿಕೆ ನೋಡಿದೆ, ಪಿಯಲ್ಲೇ ಇತ್ತು. ಹಿಂದಿನಿಂದ ಮಲ್ಲು "ಅಕ್ಕಾ" ಅಂತ ಚೀರಿದ. ನನಗೆ ಗಾಡಿ ಹೊಡೆಯಲು ಬರುವುದಿಲ್ಲ, ಸೈಕಲ್ಲೂ ಬರುವುದಿಲ್ಲ. ಸೀಟಿನ ಮೇಲೆ ಅವನ ಜಾಗಕ್ಕೆ ಜಾರಿ ದೊಡ್ಡ ಪೆಡಲ್ಲಿನ ಮೇಲೆ ಬಲಗಾಲು ಇಟ್ಟು ಇದ್ದಬಿದ್ದ ಜೋರಿನಿಂದ ಒತ್ತಿದೆ. ಗಾಡಿ ಕುಲುಕಿ ನಿಂತಿತು. ಕ್ಯಾನುಗಳು ಉರುಳಿ ಹಾಲು ಇಳಿಜಾರಿನಲ್ಲಿ ಹರಿದದ್ದು ಕನ್ನಡಿಯಲ್ಲಿ ಕಂಡಿತು. ಮಲ್ಲು ಕಾಣಲಿಲ್ಲ.

"ಮಲ್ಲೂ!"

"ಅಕ್ಕಾ, ಕಾಲ ತೆಗೀಬ್ಯಾಡ." ದನಿ ನೆಲದಿಂದ ಬಂತು. "ಚಕ್ರ ನನ್ನ ಕಾಲ ಹತ್ತರ ಅದ. ಒಳ್ಳೇ ಕಾಲ. ಕಾಲ ತೆಗೀಬ್ಯಾಡ."

ತೆಗೆಯಲಿಲ್ಲ. ಇಬ್ಬರೂ ಮರಾಠಿಯಲ್ಲಿ ಕೂಗಿದೆವು, ಹಿಂದಿಯಲ್ಲಿ ಕೂಗಿದೆವು. ಒಳಗೆ ಅಡುಗೆಯವರ ರೇಡಿಯೋ ಜೋರಾಗಿತ್ತು. ನನ್ನ ತೊಡೆ ನಡುಗತೊಡಗಿತು, ಆಮೇಲೆ ಮರಗಟ್ಟಿತು. ಎರಡೂ ಕೈಯಿಂದ ಮೊಣಕಾಲನ್ನು ಕೆಳಕ್ಕೆ ಒತ್ತಿ ಹಿಡಿದೆ. ಕಾಲು ಜಾರಿದರೆ ಅವನ ಇನ್ನೊಂದು ಕಾಲೂ ಹೋಗುತ್ತದೆ ಅನ್ನುವುದು ಬಿಟ್ಟು ಬೇರೆ ಯಾವ ವಿಚಾರವೂ ತಲೆಯಲ್ಲಿರಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ಕಸ ಚೆಲ್ಲಲು ಬಂದ ಅಡುಗೆಯವನು ನೋಡಿ ಮಂದಿಯನ್ನು ಕರೆದ. ಅವರು ಚಕ್ರಗಳಿಗೆ ಕಲ್ಲು ಕೊಟ್ಟು, ಮಲ್ಲೂನನ್ನು ಎಳೆದು ಪಕ್ಕಕ್ಕೆ ಕೂರಿಸಿ, "ಸೋಡಾ ತಾಯಿ, ಆತಾ ಸೋಡಾ" ಅಂತ, ಇನ್ನು ಬಿಡಿ ಅಂತ ಹೇಳಿದರು. ನನಗೆ ಬಿಡಲು ಬರಲಿಲ್ಲ. ಒಬ್ಬ ಹೆಂಗಸು ಬಂದು ನನ್ನ ಪಾದವನ್ನು ಕೈಯಿಂದ ಹಿಡಿದು ಎತ್ತಿ ತೆಗೆದಳು.

ಮರುದಿನ ಶಾಲೆಗೆ ರಜೆ ಹಾಕಿ ಮಲ್ಲೂನ ಜೊತೆ ಗಾಡಿಯನ್ನು ಮಿಸ್ತ್ರಿಯ ಶೆಡ್ಡಿನ ಮುಂದೆ ತಂದು ನಿಲ್ಲಿಸಿದೆವು. ಆತ ಈಗ ಎಣ್ಣೆಯ ಡ್ರಮ್ಮಿನ ಮೇಲೆ ಕೂರುತ್ತಿದ್ದ. ನಡೆದದ್ದನ್ನು ಕೇಳಿ ಮಲ್ಲೂನ ಕಡೆ ತಿರುಗಿದ.

"ಪಿಗೆ ಹಾಕಿದ್ದಿ?"

"ಹಾಕಿದ್ದೆ."

"ಹ್ಯಾಂಡ್‌ಬ್ರೇಕು?"

"ಜಗ್ಗಿದ್ದೆ."

"ಕಲ್ಲ?"

ಮಲ್ಲು ಕೋಲಿನ ತುದಿಯಿಂದ ನೆಲ ಕೆದರಿದ.

"ಹಾಂ! ಮತ್ತ?" ಅಂದು ಆತ ಗೆದ್ದವರ ಹಾಗೆ ಪಕ್ಕಕ್ಕೆ ಉಗುಳಿದ.

ನನ್ನ ದನಿ ದೊಡ್ಡದು, ಹಿಂದಿನ ಬೆಂಚಿನ ಮಕ್ಕಳಿಗೂ ಮುಟ್ಟುವಂಥದ್ದು. ಅವತ್ತು ಹೆದ್ದಾರಿಗೂ ಮುಟ್ಟಿರಬೇಕು. "ಒಂದ ಕಾಲಿನವ ಕೋಲ ಹಿಡದ ಇಳದು, ಕಲ್ಲ ಹುಡುಕಿ, ಬಗ್ಗಿ ಚಕ್ರಕ್ಕ ಕೊಡೋತನಕ ಗಾಡಿ ನಿಮ್ಮ ಮಾತ ಕೇಳಿ ನಿಂದರತದೇನ್ರಿ ಮಿಸ್ತ್ರಿ? ಯಾರ ಸಲುವಾಗಿ ಮಾಡಿದ್ರಿ ಈ ಗಾಡಿ? ಬಿಚ್ಚರಿ ಆ ಡಬ್ಬಿ. ಆ ಹಲ್ಲ ನನಗ ತೋರಸ್ರಿ."

ಆತ ಏಳಲಿಲ್ಲ. ಬಾಯಿ ತುಂಬ ಗುಟ್ಕಾ ಇತ್ತು. ಉಗುಳುತ್ತಾನೆ ಅಂದುಕೊಂಡೆ, ನುಂಗಿದ. ಆತ ಉಗುಳು ನುಂಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬಿಚ್ಚೂದ ಬ್ಯಾಡ್ರಿ" ಅಂದ. "ಆ ಹಲ್ಲ ಇಲ್ರಿ."

"ಮುರೀತೇನು?"

"ಮೊದಲಿಂದಾನೂ ಇದ್ದಿಲ್ಲ. ಗುಜರಿಯಾಗ ತರೂಮುಂದನ ಮುರದಿತ್ತು. ಅಂಥಾ ಹಲ್ಲ ಈಗ ಎಲ್ಲೂ ಸಿಗಂಗಿಲ್ರಿ. ಹಿಡಿಕಿ ಪಿಗೆ ಹೋಗಿ ಖಟ್ ಅಂತ ಕುಂದರೂ ಹಂಗ ಒಂದ ಸ್ಪ್ರಿಂಗ ಹಾಕಿದ್ದೆ. ಹ್ಯಾಂಡ್‌ಬ್ರೇಕ್ ಹಿಡೀತದ ಅಂದಕೊಂಡೆ. ಡಬ್ಬಿ ಉದ್ದ ಆಗಿ, ಬ್ರೇಕಿನ ಹಿಡಿಕಿ ಹಿಂದಕ್ಕ ಸರದು ಅದರ ತಂತಿನೂ ಸಡಲ ಆಗ್ಯದ, ಕಾಣ್ತದ."

"ಗೊತ್ತಿದ್ದೂ ಹೇಳಲಿಲ್ಲಾ?"

"ಹ್ಯಾಂಗ ಹೇಳ್ಲಿರಿ ಅಕ್ಕಾರ? ಆಟೋಮ್ಯಾಟಿಕ್ ಕುಂದ್ರಿಸೀನಿ ಅಂತ ಊರಿಗೆಲ್ಲಾ ಹೇಳಿಬಿಟ್ಟಿದ್ದೆ. ಕಾಯಿ ಒಡದೆ, ಮಾಲಿ ಹಾಕ್ಕೊಂಡೆ. ಅಷ್ಟ ಮಂದ್ಯಾಗ ಒಂದ ಹಲ್ಲಿಲ್ಲ ಅಂತ ಹ್ಯಾಂಗ ಹೇಳ್ಲಿ?"

ಆತನ ಗಬ್ಬು ಬನಿಯನ್ನು, ಉಗುರು, ಎಣ್ಣೆ ಸವರಿದ ರೊಟ್ಟಿ, ಇವು ಯಾವುವೂ 'ಹ್ಯಾಂಗ ಹೇಳ್ಲಿ' ಅಂದ ಆ ಬಾಯಿಯಷ್ಟು ಹೊಲಸಾಗಿರಲಿಲ್ಲ. ಒಂದು ಮಾಲೆಯ ಮರ್ಯಾದೆಗಾಗಿ ನನ್ನ ತಮ್ಮನನ್ನು ಆ ಏರಿಗೆ ಕಳಿಸಿದ್ದ. "ಗಾಡಿ ಸುಳ್ಳ ಹೇಳಂಗಿಲ್ಲ ಅಂತಿದ್ರಿ" ಅಂದೆ. "ಗಾಡಿ ಕಡೀಂದನೂ ಸುಳ್ಳ ಹೇಳಿಸಿಬಿಟ್ರಲ್ಲಾ ಮಿಸ್ತ್ರಿ." ಆತ ನೆಲ ನೋಡಿದ. ತಪ್ಪಾಯಿತು ಅನ್ನಲಿಲ್ಲ. ಆತನ ಬಾಯಲ್ಲಿ ಆ ಮಾತು ನಾನು ಕೊನೆಗೂ ಕೇಳಲಿಲ್ಲ.

ನಾನು ಗಾಡಿಯನ್ನು ಗುಜರಿಗೆ ಹಾಕೋಣ ಅಂದೆ. ಮಲ್ಲು ಕೇಳಲಿಲ್ಲ. "ಇಂವ ಮಾಡ್ಯಾನ, ಇಂವನ ಕಡೀಂದನ ಸರಿ ಮಾಡಸ್ತೀನಿ" ಅಂತ ಅಲ್ಲೇ ಕೂತ. ಮಿಸ್ತ್ರಿ ಅವತ್ತು ಮಧ್ಯಾಹ್ನ ಊಟಕ್ಕೂ ಏಳದೆ ದಪ್ಪ ಕಬ್ಬಿಣ ಕತ್ತರಿಸಿ ಎರಡು ಬೆಣೆ ಮಾಡಿದ. ಹಿಂದಿನ ಎರಡು ಚಕ್ರಗಳ ಬೆನ್ನಿಗೆ ಬಾಗಿಲಿನ ತಿರುಗಣಿಯ ಹಾಗೆ ಅವನ್ನು ತೂಗುಹಾಕಿ, ಎರಡಕ್ಕೂ ತಂತಿ ಕಟ್ಟಿ, ತಂತಿಯ ಹಿಡಿಕೆಯನ್ನು ಡ್ರೈವರನ ಸೀಟಿನ ಪಕ್ಕಕ್ಕೆ ತಂದ. ಏರಿಗೆ ಮುಖ ಮಾಡಿ ನಿಲ್ಲಿಸಿ, ಕೂತಲ್ಲಿಂದಲೇ ಹಿಡಿಕೆ ಎಳೆದರೆ ಠಣ್ ಅಂತ ಎರಡೂ ಬೆಣೆ ಚಕ್ರದ ಹಿಂದೆ ಬೀಳುತ್ತವೆ. ಹ್ಯಾಂಡ್‌ಬ್ರೇಕಿನ ತಂತಿಯನ್ನೂ ಬಿಗಿ ಮಾಡಿದ. ಸಂಜೆ ಚಹಾದ ಹೊತ್ತಿಗೆ ಎಲ್ಲ ಮುಗಿದಿತ್ತು. ನನಗೆ ಇನ್ನೂ ಹೆಚ್ಚು ಹೇಸಿಗೆಯಾದದ್ದು ಅದನ್ನು ನೋಡಿಯೇ. ಅರ್ಧ ದಿನದ ಕೆಲಸ! ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮೊದಲೇ ಆಗುತ್ತಿತ್ತು.

ಆಮೇಲಿನದು ನಗಬೇಕೋ ಅಳಬೇಕೋ ತಿಳಿಯದ ಸಂಗತಿ. ಆ ಬೆಣೆಯನ್ನು ನೋಡಿದ ಘಾಟಿನ ಡ್ರೈವರುಗಳು ತಮ್ಮ ಗಾಡಿಗೂ ಮಾಡಿಸಿಕೊಂಡರು. ಕುಂಟ ಹುಡುಗನ ಸಲುವಾಗಿ ಮಿಸ್ತ್ರಿ ಏನು ತಲೆ ಓಡಿಸಿದ್ದಾನೆ ಅಂತ ಎಲ್ಲೆಡೆ ಹೊಗಳಿಕೆ. ಆತ ಡ್ರಮ್ಮಿನ ಮೇಲೆ ಕೂತು ಮೊಣಕಾಲು ಅಲ್ಲಾಡಿಸುತ್ತ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ನಾನಿದ್ದರೆ ಮಾತ್ರ ಮಾತು ತಿರುಗಿಸುತ್ತಿದ್ದ. ಮಲ್ಲು ಯಾರಿಗೂ ನಿಜ ಹೇಳಲಿಲ್ಲ. ಅವನು ಗಾಡಿ ಹೊಡೆದ. ಮದುವೆಯಾಗಿ ಬೇರೆ ಮನೆ ಮಾಡಿದ, ಎರಡನೇ ಗಾಡಿ ಕೊಂಡ. ಆದರೂ ಹಳೆಯದನ್ನು ಬಿಡಲಿಲ್ಲ. ಎಣ್ಣೆ ಬದಲಿಸಲು ಕೊನೆಯತನಕ ಆತನ ಹತ್ತಿರವೇ ಹೋದ. ನಾನು ಮತ್ತೆ ಆ ಶೆಡ್ಡಿನ ಚಹಾ ಮುಟ್ಟಲಿಲ್ಲ.

ಸುದ್ದಿ ಬಂದ ದಿನ ಮಲ್ಲು ಅದೇ ಪಿಕಪ್ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಅವನ ಸಲುವಾಗಿಯೇ ಹೋದೆ. ಏರಿನ ರಸ್ತೆಯ ತುಂಬ ಗಾಡಿಗಳು. ಶೆಡ್ಡಿನ ಮುಂದೆ, ಆತ ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ ಹೆಣವನ್ನು ಕೂರಿಸಿ ವಿಭೂತಿ ಬಳಿದು ಮಾಲೆ ಹಾಕಿದ್ದರು. ಮಾಲೆಯೊಳಗೆ ಮುಖ ಮುಚ್ಚಿಹೋಗಿತ್ತು. ಡ್ರೈವರುಗಳು ಸಾಲಾಗಿ ನಿಂತಿದ್ದರು. "ಕಾಯ್ ಡೋಕಂ ಹೋತಂ ತ್ಯಾಚಂ" ಅಂತ, ಏನು ತಲೆಯಿತ್ತು ಅವನಿಗೆ ಅಂತ, ನಮ್ಮ ಗಾಡಿಯ ಬೆಣೆಯ ಕಡೆಗೇ ಕೈ ತೋರಿಸಿ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ.

ಮಲ್ಲು ಏರಿಗೆ ಮುಖ ಮಾಡಿ ನಿಲ್ಲಿಸಿ, ಹಿಡಿಕೆ ಎಳೆದ. ಠಣ್. "ಬಾ ಅಕ್ಕಾ" ಅಂದ.

"ನೀ ಹೋಗಿ ಬಾ."

ಅವನು ಕೋಲು ಹಿಡಿದು ಇಳಿದು ಗಾಡಿಯ ಹಿಂದಿನಿಂದ ಸುತ್ತಿ ಹೋದ. ಪರಿಚಯದವರು ಇಬ್ಬರು ಬಂದು ಕಿಟಕಿಯಲ್ಲಿ, ಬರ್ರಿ ಅಕ್ಕಾರ, ಮುಖ ನೋಡಿ ಹೋಗ್ರಿ ಅಂದರು. ಕಾಲು ನೋಯುತ್ತದೆ ಅಂದೆ. ಮಲ್ಲು ಮಾಲೆ ಹಾಕಿ, ಒಂದಿಷ್ಟು ಹೊತ್ತು ನಿಂತು, ಮತ್ತೆ ಗಾಡಿಯ ಹಿಂದಿನಿಂದಲೇ ಬಂದು ಹತ್ತಿ ಕೂತ.

"ಕೈ ತಿಕ್ಕಿ ತೊಳದಾರಕ್ಕಾ" ಅಂದ. "ಬೆಳ್ಳಗ ಆಗ್ಯಾವು. ಗುರ್ತಾನ ಹತ್ತಲಿಲ್ಲ."

ಅವನು ಎಂಜಿನ್ನು ಚಾಲೂ ಮಾಡಿ, ಒಂದಿಷ್ಟು ಮುಂದೆ ಸರಿಸಿ ಬೆಣೆ ಎತ್ತಿಕೊಂಡ. ಆಮೇಲೆ ನನ್ನ ಕಡೆ ನೋಡಿದ, ಕೆಳಗೆ ನನ್ನ ಬಲಗಾಲಿನ ಕಡೆ ನೋಡಿದ. ಅಲ್ಲಿ ಯಾವ ಪೆಡಲ್ಲೂ ಇಲ್ಲ, ಬರೀ ತಗಡು. ಆ ತಗಡನ್ನು ನಾನು ಇದ್ದಬಿದ್ದ ಜೋರಿನಿಂದ ಒತ್ತಿ ಹಿಡಿದಿದ್ದೆ.

"ಅಕ್ಕಾ" ಅಂದ, "ಕಾಲ ತೆಗಿ ಇನ್ನ."

ದೇಹೂ ರೋಡ್ ದಾಟುವತನಕ ತೆಗೆಯಲಿಲ್ಲ.